ನಂದಿಬೆಟ್ಟದ ದೆವ್ವಕ್ಕೆ ಹೆಸರೇ ಇಲ್ಲ, ಯಾಕೆ?

ವೀಕ್ಷಕರೇ, ನಂದಿಬೆಟ್ಟದ ಬಗ್ಗೆ ನೀವು ಕೇಳಿರೋ ದೆವ್ವದ ಕಥೆಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಬೆಳಗಿನ ಜಾವ ತಿರುವಿನಲ್ಲಿ ಬಿಳಿ ಸೀರೆ ಉಟ್ಟ ಹೆಂಗಸು ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸ್ತಾಳೆ. ತಲೆಯಿಲ್ಲದ ಬೈಕ್ ಸವಾರ ಹಿಂದಿನಿಂದ ಬಂದು ಓವರ್‌ಟೇಕ್ ಮಾಡಿ ಮಂಜಿನಲ್ಲಿ ಮಾಯ ಆಗ್ತಾನೆ. ಬ್ರಿಟಿಷರ ಕಾಲದ ಬಂಗಲೆಯಲ್ಲಿ ಉಳಿದುಕೊಂಡವರಿಗೆ ನಡುರಾತ್ರಿ ವರಾಂಡದಲ್ಲಿ ಬೂಟಿನ ಸದ್ದು ಕೇಳುತ್ತೆ. ಟಿಪ್ಪು ಡ್ರಾಪ್ ಅಂಚಿನಲ್ಲಿ ಕಿವಿಗೊಟ್ಟು ನಿಂತರೆ ಕೆಳಗಿನ ಕಣಿವೆಯಿಂದ ಚೀರಾಟ ಬರುತ್ತೆ.

ಈ ಕಥೆ ಹೇಳಿದವರನ್ನ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ಆ ದೆವ್ವದ ಹೆಸರೇನು? ಯಾವ ಊರಿನವರು? ಯಾವಾಗ ಸತ್ತರು? ಉತ್ತರ ಬರಲ್ಲ. ಬಿಳಿ ಸೀರೆ ಇದೆ, ಬೂಟಿದೆ, ಚೀರಾಟ ಇದೆ. ಹೆಸರು ಮಾತ್ರ ಇಲ್ಲ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ಆ ಇಲ್ಲದ ಹೆಸರಿನ ಬಗ್ಗೆ.

ಟಿವಿಯಲ್ಲಿ ದೆವ್ವದ ಎಪಿಸೋಡ್ ಮಾಡೋದು ಅತಿ ಸುಲಭದ ಕೆಲಸ. ಒಂದು ನೈಟ್ ವಿಷನ್ ಕ್ಯಾಮೆರಾ ಸಾಕು, ಒಬ್ಬ ರಿಪೋರ್ಟರ್ ಏದುಸಿರು ಬಿಡುತ್ತಾ ನಡೆದರೆ ಸಾಕು. ಬಾಗಿಲು ಕಿರ್ರ್ ಅನ್ನೋ ಸದ್ದನ್ನ ಎಡಿಟಿಂಗ್ ರೂಮಿನಲ್ಲೇ ಹಾಕಬಹುದು. ನಂದಿಬೆಟ್ಟದಂಥ ಜಾಗ ಸಿಕ್ಕರೆ ಅರ್ಧ ಗಂಟೆ ಎಳೆಯೋದು ಕಷ್ಟವಲ್ಲ. ಆದರೆ ಆ ಬೆಟ್ಟದ ನಿಜವಾದ ಕಥೆ ಹೇಳೋಕೆ ಅರ್ಧ ಗಂಟೆ ಸಾಲಲ್ಲ. ಬನ್ನಿ, ಮೊದಲು ಆ ಬಂಗಲೆಯಿಂದಲೇ ಶುರು ಮಾಡೋಣ.

ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟ ಇದು. ಚಿಕ್ಕಬಳ್ಳಾಪುರಕ್ಕೆ ಹತ್ತಿರ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಸೆಕೆ ತಡೆಯಲಾರದ ಇಂಗ್ಲಿಷ್ ಅಧಿಕಾರಿಗಳಿಗೆ ಇದು ಊಟಿಗಿಂತ ಹತ್ತಿರದ ತಂಪು. 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಇಲ್ಲೊಂದು ಬೇಸಿಗೆ ಮನೆ ಎದ್ದಿತು. ಅದನ್ನು ಕಟ್ಟಿಸಿದವನು ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮ್. ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆ ಇವನ ಹೆಸರಿನದೇ. ಇವನ ಅಣ್ಣ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಭಾರತೀಯ ಪುರಾತತ್ವ ಸರ್ವೇಕ್ಷಣೆಯನ್ನು ಶುರು ಮಾಡಿದವನು. ಅಂದ್ರೆ ಈ ಮನೆಯ ಗೋಡೆಗಳಿಗೂ ನಮ್ಮ ದೇಶದ ಇತಿಹಾಸ ಅಗೆದ ಕೈಗಳಿಗೂ ಮನೆತನದ ನಂಟಿದೆ.

ಬೂಟಿನ ಸದ್ದಿನ ಕಥೆ ಹೇಳೋರು ಸಾಮಾನ್ಯವಾಗಿ "ಅದು ಕಬ್ಬನ್ ದೊರೆದು" ಅಂತ ಮುಗಿಸ್ತಾರೆ. ಸರಿ ಸ್ವಾಮಿ, ಕಬ್ಬನ್ ಎಲ್ಲಿ ಸತ್ತ? ಸುಮಾರು 27 ವರ್ಷ ಕಮಿಷನರ್ ಆಗಿದ್ದು, ಆರೋಗ್ಯ ಕೆಟ್ಟು, 1861ರಲ್ಲಿ ಹಡಗು ಹತ್ತಿ ತನ್ನೂರಿಗೆ ಹೊರಟವನು ದಾರಿಯಲ್ಲೇ, ಈಜಿಪ್ಟಿನ ಸೂಯೆಜ್‌ನಲ್ಲಿ ಕಣ್ಣು ಮುಚ್ಚಿದ. ಅವನ ಹುಟ್ಟೂರು ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪ. ಅವನ ಆತ್ಮಕ್ಕೆ ಅಲೆಯೋ ಆಸೆ ಇದ್ದರೆ ಮುಂದಕ್ಕೆ, ತನ್ನ ದ್ವೀಪಕ್ಕೆ ಹೋಗುತ್ತಿತ್ತೇ ವಿನಾ ವಾಪಸ್ಸು ಚಿಕ್ಕಬಳ್ಳಾಪುರಕ್ಕೆ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅವನ ಹೆಸರಿನ ಪಾರ್ಕ್ ಇದೆ, ಕುದುರೆ ಮೇಲೆ ಕೂತ ಪ್ರತಿಮೆ ಇದೆ. ಇಷ್ಟೆಲ್ಲ ನೆನಪಿನ ಗುರುತು ಇರೋ ಮನುಷ್ಯನಿಗೆ ರಾತ್ರಿ ಬೂಟು ಕುಟ್ಟುತ್ತಾ ತಿರುಗೋ ಅಗತ್ಯ ಏನಿದೆ?

ಕಬ್ಬನ್ ಹೋದ ಮೇಲೂ ಈ ಬೆಟ್ಟಕ್ಕೆ ದೊಡ್ಡವರು ಬರೋದು ನಿಲ್ಲಲಿಲ್ಲ. 1927ರ ಮಾರ್ಚ್‌ನಲ್ಲಿ ಪ್ರವಾಸದ ಮಧ್ಯೆ ಆರೋಗ್ಯ ಕೈಕೊಟ್ಟಾಗ ಮಹಾತ್ಮ ಗಾಂಧಿ ಚೇತರಿಸಿಕೊಳ್ಳೋಕೆ ಬಂದಿದ್ದು ಇಲ್ಲಿಗೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ, ಸುಮಾರು ಒಂದೂವರೆ ತಿಂಗಳು ಇದ್ದರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು, ಆ ಸಲ ಜೊತೆಯಲ್ಲಿ ಸರ್ದಾರ್ ಪಟೇಲರೂ ಇದ್ದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ಏಳು ದೇಶಗಳ ನಾಯಕರು ಬಿಡುವಿನ ಮಾತುಕತೆಗೆ ಕೂತಿದ್ದು ಇದೇ ಬೆಟ್ಟದ ಮೇಲೆ. 2025ರ ಜುಲೈ 2ರಂದು ನಮ್ಮ ರಾಜ್ಯದ ಸಚಿವ ಸಂಪುಟವೂ ಇಲ್ಲೇ ಸಭೆ ಮಾಡಿತು. ಪ್ರತಿ ಸಲ ದೊಡ್ಡವರು ಬರುತ್ತಾರೆ ಅಂದಾಗ ಹಳೇ ಕಟ್ಟಡಗಳಿಗೆ ಸುಣ್ಣ ಬಣ್ಣ ಆಗುತ್ತೆ, ರಸ್ತೆಗೆ ಹೊಸ ಡಾಂಬರು ಬೀಳುತ್ತೆ. ಹಳೇ ಬಂಗಲೆಗಳು ಅತಿಥಿಗೃಹಗಳಾಗಿವೆ. ಕಟ್ಟಡ ಹೊಸದಾಗುತ್ತೆ, ದೆವ್ವದ ಕಥೆ ಮಾತ್ರ ಹಳೇದೇ ಉಳಿಯುತ್ತೆ.

ಗಾಂಧೀಜಿ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡ್ತೀನಿ. ಚಿಕ್ಕವರಿದ್ದಾಗ ಗಾಂಧಿಗೆ ದೆವ್ವ ಅಂದ್ರೆ ವಿಪರೀತ ಭಯ. ಇದನ್ನ ಬೇರೆ ಯಾರೋ ಹೇಳಿದ್ದಲ್ಲ, ತಮ್ಮ ಆತ್ಮಕಥೆಯಲ್ಲಿ ಅವರೇ ಬರ್ಕೊಂಡಿದ್ದಾರೆ. ಮನೆಯಲ್ಲಿದ್ದ ಸಾಕುತಾಯಿ ರಂಭಾ ಅದಕ್ಕೊಂದು ಮದ್ದು ಹೇಳಿಕೊಟ್ಟಳಂತೆ: ಭಯ ಆದಾಗ ರಾಮನಾಮ ಹೇಳು. ಅದೇ ಹುಡುಗ ಬೆಳೆದು ಬ್ರಿಟಿಷ್ ಸಾಮ್ರಾಜ್ಯಕ್ಕೇ ಹೆದರದವನಾದ. ಒಬ್ಬ ಮನೆಗೆಲಸದವಳ ಹೆಸರು ನಮಗೆ ಇವತ್ತೂ ಗೊತ್ತಿದೆ ಅಂದ್ರೆ ಕಾರಣ ಏನು? ಗಾಂಧಿ ಅದನ್ನು ಬರೆದಿಟ್ಟರು, ಅಷ್ಟೇ. ಈ ಮಾತನ್ನ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾನು ಓದಿದ್ದು ಎಂಜಿನಿಯರಿಂಗ್. ಸದ್ದು ಅಂದ್ರೆ ಅದಕ್ಕೊಂದು ಮೂಲ ಇರಬೇಕು, ಬೆಳಕು ಅಂದ್ರೆ ಅದಕ್ಕೊಂದು ದಾರಿ ಇರಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಹಳೇ ಬಂಗಲೆಯ ಸದ್ದು ತಗೊಳ್ಳಿ. ಹಗಲು ಬಿಸಿಲಿಗೆ ಕಾದ ಮರದ ತೊಲೆ, ತೇವ ಕುಡಿದ ಬಾಗಿಲು, ಇವೆಲ್ಲ ರಾತ್ರಿ ಚಳಿಗೆ ಕುಗ್ಗುತ್ತವೆ. ಒಂದೇ ಸಮ ಕುಗ್ಗಲ್ಲ, ಬಿಗಿ ಹಿಡಿದು ಆಮೇಲೆ ಒಮ್ಮೆಗೇ ಜಾರುತ್ತವೆ. ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಎದ್ದು ಕೂತವನ ಕಿವಿಗೆ ಅದು ಹೆಜ್ಜೆ ಸದ್ದು. ನಂದಿಬೆಟ್ಟದಲ್ಲಿ ಹಗಲು ರಾತ್ರಿಯ ತಾಪಮಾನದ ವ್ಯತ್ಯಾಸ ಚೆನ್ನಾಗಿಯೇ ಇದೆ, ಮೇಲಿಂದ ಗಾಳಿ ಬೇರೆ. ದೆವ್ವಕ್ಕೆ ಬೇಕಾದ ಸಾಮಾನು ಅಲ್ಲಿ ಧಾರಾಳ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಖುಷಿಯಾಗುತ್ತೆ. ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಬೆಟ್ಟದ ಪಶ್ಚಿಮ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದೀರಿ ಅಂದುಕೊಳ್ಳಿ. ಎದುರಿನ ಕಣಿವೆಯಲ್ಲಿ ಮಂಜು ತುಂಬಿದೆ. ಆ ಮಂಜಿನ ಮೇಲೆ ನಿಮ್ಮದೇ ನೆರಳು ಬೀಳುತ್ತೆ, ದೈತ್ಯಾಕಾರದಲ್ಲಿ, ತಲೆಯ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರದ ಜೊತೆ. ನೀವು ಕೈ ಎತ್ತಿದರೆ ಅದೂ ಎತ್ತುತ್ತೆ. ಮಂಜು ಸರಿದಾಡಿದರೆ ನೀವು ನಿಂತೇ ಇದ್ದರೂ ಅದು ನಡೆಯುತ್ತೆ. ಜರ್ಮನಿಯ ಬ್ರಾಕನ್ ಅನ್ನೋ ಬೆಟ್ಟದ ಮೇಲೆ ಇದನ್ನು ನೋಡಿ 1780ರಲ್ಲೇ ಬರೆದಿಟ್ಟರು, ಹಾಗಾಗಿ ವಿಜ್ಞಾನಿಗಳು ಇದಕ್ಕೆ ಬ್ರಾಕನ್ ಸ್ಪೆಕ್ಟರ್ ಅಂತಾರೆ, ಬ್ರಾಕನ್ ಭೂತ. ಇದರಲ್ಲೊಂದು ತಮಾಷೆ ಇದೆ. ಹತ್ತು ಜನ ಸಾಲಾಗಿ ನಿಂತರೂ ಆ ಬಣ್ಣದ ಉಂಗುರ ಪ್ರತಿಯೊಬ್ಬನಿಗೂ ತನ್ನ ತಲೆಯ ಸುತ್ತ ಮಾತ್ರ ಕಾಣುತ್ತೆ. ನೀವು ನೋಡಿದ ಭೂತ ನೀವೇ.

ಇಷ್ಟಕ್ಕೇ ನಿಲ್ಲಿಸಿ "ದೆವ್ವ ಇಲ್ಲ, ನಮಸ್ಕಾರ" ಅಂತ ಕ್ಯಾಮೆರಾ ಆಫ್ ಮಾಡಬಹುದಿತ್ತು. ನನಗೆ ಅದು ಸಾಕಾಗಲ್ಲ. ಮರದ ತೊಲೆ ಎಲ್ಲ ಊರಲ್ಲೂ ಕುಗ್ಗುತ್ತೆ, ಮಂಜು ಎಲ್ಲ ಬೆಟ್ಟದಲ್ಲೂ ಬೀಳುತ್ತೆ. ಹಾಗಿದ್ದರೂ ಜನ ಕೆಲವೇ ಜಾಗಗಳನ್ನ ಹುಡುಕಿ ದೆವ್ವ ಕೂರಿಸ್ತಾರೆ. ಯಾಕೆ? ಆ ಜಾಗದಲ್ಲಿ ಏನೋ ಆಗಿದೆ ಅನ್ನೋದು ಮಸುಕಾಗಿ ಗೊತ್ತಿರುತ್ತೆ, ಏನಾಯ್ತು ಅನ್ನೋದು ಮರೆತುಹೋಗಿರುತ್ತೆ. ಹಾಗಾದ್ರೆ ನಂದಿಬೆಟ್ಟದಲ್ಲಿ ಏನಾಗಿತ್ತು?

ಮೂರನೇ ಆಂಗ್ಲೋ-ಮೈಸೂರು ಯುದ್ಧ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿ, ಮಳೆ, ಹಸಿವು, ಸಾಯುತ್ತಿದ್ದ ಎತ್ತುಗಳನ್ನು ನೋಡಿ ವಾಪಸ್ಸಾದ. ಮತ್ತೆ ಹೋಗಬೇಕಾದರೆ ಬೆನ್ನ ಹಿಂದಿನ ದುರ್ಗಗಳು ತನ್ನ ಕೈಯಲ್ಲಿರಬೇಕು ಅಂತ ತೀರ್ಮಾನಿಸಿದ. ಅದರಲ್ಲಿ ನಂದಿದುರ್ಗ ಮುಖ್ಯವಾದದ್ದು. ಚಿಕ್ಕಬಳ್ಳಾಪುರದ ಪಾಳೇಗಾರರ ಕೈಯಿಂದ ಹೈದರ್ ಅಲಿಗೆ ಬಂದು, ಹೈದರ್ ಮತ್ತು ಟಿಪ್ಪು ಇಬ್ಬರೂ ಬಲಪಡಿಸಿದ ಕೋಟೆ ಅದು. ಸುತ್ತ ಕಡಿದಾದ ಬಂಡೆ, ಹತ್ತೋಕೆ ಸಾಧ್ಯ ಇದ್ದದ್ದು ಒಂದೇ ಕಡೆ.

ಸುಮಾರು ಮೂರು ವಾರ ಮುತ್ತಿಗೆ ನಡೆಯಿತು. ಬೆಟ್ಟದ ಮೈಯಲ್ಲಿ ದಾರಿ ಕಡಿದು, ಆನೆಗಳನ್ನು ಕಟ್ಟಿ ಫಿರಂಗಿಗಳನ್ನು ಮೇಲೆ ಎಳೆದರು. ಸಿವಿಲ್ ಎಂಜಿನಿಯರ್ ಒಬ್ಬನನ್ನ ಇವತ್ತು ಆ ಇಳಿಜಾರಿನ ಮುಂದೆ ನಿಲ್ಲಿಸಿ, ಜೆಸಿಬಿ ಇಲ್ಲದೆ ಇಲ್ಲಿ ದಾರಿ ಮಾಡಪ್ಪಾ ಅನ್ನಿ, ಕೈ ಮುಗಿದು ಹೋಗ್ತಾನೆ. ಆ ದಾರಿ ಕಡಿದವರು ಯಾರು? ಇಂಗ್ಲೆಂಡಿನ ದೊರೆಗಳಲ್ಲ. ಕೂಲಿಯವರು, ಸಿಪಾಯಿಗಳು. ಮೇಲೆ ಕೋಟೆಯ ಒಳಗೆ ಇದ್ದವರೂ ನಮ್ಮವರೇ, ಮೈಸೂರಿನ ಸೈನಿಕರು. ಅವರ ಕೈಯಲ್ಲಿದ್ದ ದೊಡ್ಡ ಆಯುಧ ಅಂದ್ರೆ ಬಂಡೆಗಳು. ಹತ್ತಿ ಬರುವವರ ಮೇಲೆ ಕಲ್ಲುಗುಂಡು ಉರುಳಿಸಿದರು. ಕಂಪನಿ ಸೈನ್ಯದಲ್ಲಿ ಕೊನೆಯ ದಾಳಿಯ ದಿನ ಸತ್ತವರು, ಗಾಯಗೊಂಡವರಲ್ಲಿ ಹೆಚ್ಚಿನವರು ಗುಂಡಿಗಲ್ಲ, ಕಲ್ಲಿಗೆ ಸಿಕ್ಕವರು.

ಅಕ್ಟೋಬರ್ 18ರ ರಾತ್ರಿ ಕಳೆದು 19 ಕಾಲಿಡುವ ಹೊತ್ತಿಗೆ ಜನರಲ್ ಮೆಡೋಸ್ ನೇತೃತ್ವದಲ್ಲಿ ಕೊನೆಯ ದಾಳಿ ನಡೆದು ಕೋಟೆ ಬಿತ್ತು. ಇನ್ನೊಂದು ವಿಚಿತ್ರ ನೋಡಿ. ಸರಿಯಾಗಿ ಹತ್ತು ವರ್ಷದ ಹಿಂದೆ, 1781ರ ಅಕ್ಟೋಬರ್ 19ರಂದು, ಇದೇ ಕಾರ್ನ್‌ವಾಲಿಸ್‌ನ ಸೈನ್ಯ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಗಿತ್ತು. ಅಲ್ಲಿ ಒಂದು ದೇಶ ಕಳೆದುಕೊಂಡವನು ಅದೇ ತಾರೀಖಿಗೆ ನಮ್ಮ ಬೆಟ್ಟ ಗೆದ್ದ. ಯಾರ್ಕ್‌ಟೌನ್ ಅಮೆರಿಕದ ಮಕ್ಕಳಿಗೆ ಪಾಠ. ನಂದಿದುರ್ಗದ ಅಕ್ಟೋಬರ್ 19 ಚಿಕ್ಕಬಳ್ಳಾಪುರದ ಎಷ್ಟು ಮಕ್ಕಳಿಗೆ ಗೊತ್ತು?

ಕಾರ್ನ್‌ವಾಲಿಸ್ ಹೆಸರು ಉಳಿದಿದೆ, ಮೆಡೋಸ್ ಹೆಸರು ಉಳಿದಿದೆ. ಕೋಟೆ ಕಾದ ಕಿಲ್ಲೇದಾರ ಲುತ್ಫ್ ಅಲಿ ಬೇಗ್ ಹೆಸರೂ ಇಂಗ್ಲಿಷರ ಬರಹದಲ್ಲಿ ಸಿಗುತ್ತೆ. ಸೈನ್ಯದ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟದ ಚಿತ್ರ ಬರೆದು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆದರೆ ಕಲ್ಲು ಉರುಳಿಸಿದವನ ಹೆಸರು? ಕಲ್ಲಿಗೆ ಸಿಕ್ಕಿ ಸತ್ತ ಸಿಪಾಯಿಯ ಹೆಸರು? ಫಿರಂಗಿ ಎಳೆದವನದ್ದು? ಬೆಟ್ಟಕ್ಕೆ ಭಾನುವಾರ ಬರೋ ಸಾವಿರಾರು ಜನರ ಕಣ್ಣಿಗೆ ಬೀಳೋ ಹಾಗೆ ಒಂದು ಹೆಸರೂ ಅಲ್ಲಿಲ್ಲ.

ಈಗ ಟಿಪ್ಪು ಡ್ರಾಪ್‌ಗೆ ಬನ್ನಿ. ಸುಮಾರು 600 ಮೀಟರ್ ಪ್ರಪಾತ. ಮರಣದಂಡನೆಗೆ ಗುರಿಯಾದವರನ್ನು ಇಲ್ಲಿಂದ ತಳ್ಳುತ್ತಿದ್ದರು ಅನ್ನೋದು ಎಲ್ಲರೂ ಹೇಳೋ ಕಥೆ. ಟಿಪ್ಪು ಅಂದ ಕೂಡಲೇ ನಮ್ಮ ಸ್ಟುಡಿಯೋದಲ್ಲಿ ಎರಡು ಗುಂಪು ಆಗುತ್ತೆ, ಒಂದು ಗುಂಪು ಕಥೆಯನ್ನು ಸಾಕ್ಷಿ ಅನ್ನುತ್ತೆ, ಇನ್ನೊಂದು ಕಟ್ಟುಕಥೆ ಅನ್ನುತ್ತೆ. ನಾನು ಎರಡೂ ಗುಂಪಿಗೆ ಒಂದು ವಿಷಯ ತೋರಿಸ್ತೀನಿ. "ಡ್ರಾಪ್" ಅನ್ನೋದು ಕನ್ನಡ ಅಲ್ಲ, ತೆಲುಗು ಅಲ್ಲ, ಟಿಪ್ಪುವಿನ ದರ್ಬಾರಿನ ಪರ್ಷಿಯನ್ನೂ ಅಲ್ಲ. ಅದು ಗೆದ್ದವರ ಭಾಷೆ. ಹೆಸರು ಇಂಗ್ಲಿಷಿನದು ಅಂದ ಮಾತ್ರಕ್ಕೆ ಕಥೆ ಸುಳ್ಳಾಗಲ್ಲ, ಸರಿ. ಆದರೆ ಆ ಹೆಸರಿನಲ್ಲಿ ಯಾರು ಉಳಿದರು ನೋಡಿ. ತಳ್ಳಿದ ದೊರೆಯ ಹೆಸರಿದೆ, ಬಿದ್ದವರ ಹೆಸರಿಲ್ಲ. ಅವರು ಯಾವ ಊರಿನ ಕೈದಿ, ಯಾರ ಮಗ, ತಪ್ಪೇನು, ಕಥೆಗೆ ಇದ್ಯಾವುದೂ ಬೇಕಾಗಿಲ್ಲ. ಕಥೆಗೆ ಬೇಕಿರೋದು ಚೀರಾಟ ಮಾತ್ರ.

ಇದು ನಮ್ಮ ಜಿಲ್ಲೆಯ ಕಾಯಿಲೆ ಮಾತ್ರ ಅಲ್ಲ. ರಾಜಸ್ಥಾನದ ಕೋಟಾದಲ್ಲಿ ಬ್ರಿಜ್‌ರಾಜ್ ಭವನ ಅಂತ ಒಂದು ಹಳೇ ರೆಸಿಡೆನ್ಸಿ, ಆಮೇಲೆ ಹೆರಿಟೇಜ್ ಹೋಟೆಲ್ ಆಯ್ತು. 1857ರ ಬಂಡಾಯದಲ್ಲಿ ಅಲ್ಲಿ ಮೇಜರ್ ಬರ್ಟನ್ ಮತ್ತು ಅವನ ಇಬ್ಬರು ಗಂಡುಮಕ್ಕಳು ಕೊಲೆಯಾದರು. ಬರ್ಟನ್‌ನ ದೆವ್ವ ಯಾರಿಗೂ ಕೇಡು ಮಾಡಲ್ಲವಂತೆ, ಆದರೆ ರಾತ್ರಿ ಪಾಳಿಯಲ್ಲಿ ತೂಕಡಿಸೋ ಕಾವಲುಗಾರನಿಗೆ ಕೆನ್ನೆಗೆ ಬಾರಿಸುತ್ತಂತೆ! ಅಂದ್ರೆ ಸತ್ತ ಮೇಲೂ ಸಾಹೇಬ ಸಾಹೇಬನೇ, ಏಟು ತಿನ್ನೋನು ಆಳೇ. ಮಸ್ಸೂರಿಯ ಸವಾಯ್ ಹೋಟೆಲ್ ಶುರುವಾಗಿದ್ದು 1902ರಲ್ಲಿ. 1911ರಲ್ಲಿ ಅಲ್ಲಿ ಒಬ್ಬ ಇಂಗ್ಲಿಷ್ ಮಹಿಳೆ ವಿಷದಿಂದ ಸತ್ತಳು, ಆಕೆಯ ದೆವ್ವ ಇವತ್ತಿಗೂ ಹೋಟೆಲಿನ ಆಕರ್ಷಣೆ. ಅಮೆರಿಕದ ಕೊಲರಾಡೋದಲ್ಲಿ 1909ರ ಸ್ಟಾನ್ಲಿ ಹೋಟೆಲ್ ಇದೆ. ಕಾದಂಬರಿಕಾರ ಸ್ಟೀಫನ್ ಕಿಂಗ್ 1974ರಲ್ಲಿ ಅಲ್ಲಿ ತಂಗಿದ್ದರು, ಅಲ್ಲಿ ಹೊಳೆದದ್ದು 1977ರಲ್ಲಿ "ದ ಶೈನಿಂಗ್" ಅನ್ನೋ ಪುಸ್ತಕ ಆಯ್ತು. ಈಗ ಜನ ದುಡ್ಡು ಕೊಟ್ಟು ಅಲ್ಲಿ ದೆವ್ವದ ಟೂರ್ ಮಾಡ್ತಾರೆ.

ನಮ್ಮ ಕನ್ನಡದವರೇನು ಕಡಿಮೆಯಲ್ಲ. 2004ರಲ್ಲಿ "ಆಪ್ತಮಿತ್ರ" ಬಂದಾಗ ಹಳೇ ಬಂಗಲೆಯ ನಾಗವಲ್ಲಿಯನ್ನು ನೋಡೋಕೆ ಥಿಯೇಟರುಗಳು ತುಂಬಿ ತುಳುಕಿದವು. ನೆನಪಿಡಿ, ಆ ಸಿನಿಮಾದಲ್ಲಿ ಕೊನೆಗೆ ಪರಿಹಾರ ಸಿಕ್ಕಿದ್ದು ಮನೋವೈದ್ಯನಿಂದ. ಜೊತೆಗೆ ಅಲ್ಲಿ ನಾಗವಲ್ಲಿಗೆ ಒಂದು ಹೆಸರಿತ್ತು, ಒಂದು ಅನ್ಯಾಯದ ಕಥೆ ಇತ್ತು. ಅದು ಗೊತ್ತಾದ ಮೇಲೇ ಮನೆ ತಣ್ಣಗಾಗಿದ್ದು.

ಈಗ ಬೆಟ್ಟ ಇಳಿದು ಬೇರೆ ಕಡೆ ಹೋಗೋಣ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ಕಡೆಗೆ ಹರಿಯುತ್ತೆ. ಅದರ ದಂಡೆಯಲ್ಲಿದೆ ವಿದುರಾಶ್ವತ್ಥ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥ ಅನ್ನೋ ನಂಬಿಕೆ, ಆ ಹಳೇ ಮರ 2001ರಲ್ಲಿ ಬಿತ್ತು. ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲುಗಳು. ಅರಳಿಮರ, ನಾಗರಕಲ್ಲು, ನದಿ ದಂಡೆ! ದೆವ್ವದ ಸಿನಿಮಾಕ್ಕೆ ಇದಕ್ಕಿಂತ ಲೊಕೇಶನ್ ಬೇಕಾ? ಅಲ್ಲಿ ರಕ್ತವೂ ಹರಿದಿದೆ.

1938ರ ಏಪ್ರಿಲ್. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಧ್ವಜ ಹಾರಿಸಿ ಸಂಸ್ಥಾನದ ಸರ್ಕಾರಕ್ಕೆ ಸವಾಲು ಹಾಕಿತ್ತು. ಊರೂರಲ್ಲಿ ಧ್ವಜ ಸತ್ಯಾಗ್ರಹ ಹಬ್ಬಿತು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜಾತ್ರೆಯ ಕಾಲ, ಸುತ್ತಲ ಹಳ್ಳಿಗಳ ಜನ ಸೇರಿದ್ದರು. ಎನ್.ಸಿ. ನಾಗಯ್ಯರೆಡ್ಡಿಯವರಂಥ ಸ್ಥಳೀಯ ಮುಖಂಡರ ಹೋರಾಟ ಅದು. ನಿಷೇಧ ಮೀರಿ ಸಭೆ ಸೇರಿದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರ ಸಂಖ್ಯೆ ಸಣ್ಣದು, ಜನರ ಲೆಕ್ಕದಲ್ಲಿ ಅದು 30 ದಾಟುತ್ತೆ. ಇದನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅನ್ನೋದು ಸುಮ್ಮನೆ ಅಲ್ಲ.

ಆಮೇಲೆ ಏನಾಯ್ತು ಗೊತ್ತಾ? ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಮಾತುಕತೆಗೆ ಕಳಿಸಿದರು. ಎರಡು ವರ್ಷದ ಹಿಂದೆ ನಂದಿಬೆಟ್ಟದ ತಂಪಿನಲ್ಲಿ ಕೂತಿದ್ದ ಅದೇ ಪಟೇಲರು ಈ ಸಲ ಬಂದಿದ್ದು ಹೆಣಗಳ ಲೆಕ್ಕ ಕೇಳೋಕೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಆಯ್ತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸೋಕೆ ದಾರಿಯಾಯ್ತು. ಗೋಲಿಬಾರ್ ಬಗ್ಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಸಮಿತಿ ವಿಚಾರಣೆ ಮಾಡಿತು. ಇವತ್ತು ಅಲ್ಲಿ ಹುತಾತ್ಮರ ಸ್ತೂಪ ಇದೆ, ವೀರಸೌಧ ಇದೆ, ಸತ್ತವರ ಹೆಸರುಗಳಿವೆ.

ಆ ಜಾಗದ ಬಗ್ಗೆ ಒಂದೇ ಒಂದು ದೆವ್ವದ ಕಥೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಕಬ್ಬನ್ ಒಂದು ರಾತ್ರಿಯೂ ಹೆಣವಾಗಿ ಮಲಗದ ಮನೆಗೆ ದೆವ್ವ ಇದೆ. ಹತ್ತಾರು ಜನ ಗುಂಡು ತಿಂದು ಬಿದ್ದ ಬಯಲಿಗೆ ದೆವ್ವ ಇಲ್ಲ. ಯಾಕೆ? ಅಲ್ಲಿ ಸತ್ತವರಿಗೆ ಹೆಸರಿದೆ. ಅವರು ಯಾವ ಊರಿನವರು ಗೊತ್ತು, ಯಾಕೆ ಸತ್ತರು ಗೊತ್ತು, ಯಾರು ಕೊಂದರು ಗೊತ್ತು. ಪ್ರತಿ ವರ್ಷ ಏಪ್ರಿಲ್ 25ಕ್ಕೆ ಹೂವು ಹಾಕ್ತಾರೆ. ಆ ಜೀವಗಳು ನಮ್ಮ ನೆನಪಿನಲ್ಲಿ ಜಾಗ ಹಿಡಿದು ಕೂತಿವೆ, ತಿರುವಿನಲ್ಲಿ ನಿಂತು ಲಿಫ್ಟ್ ಕೇಳೋ ಗತಿ ಅವಕ್ಕೆ ಬಂದಿಲ್ಲ.

ಇದು ನಾನು ಕಂಡುಹಿಡಿದ ಹೊಸ ಸಿದ್ಧಾಂತ ಏನಲ್ಲ. ನಮ್ಮ ಹಿರಿಯರು ದಿನನಿತ್ಯ ಬದುಕಿದ ವಿಷಯ. ನಮ್ಮ ಸೀಮೆಯಲ್ಲಿ ಕನ್ನಡವೂ ತೆಲುಗೂ ಕಲೆತ ಮಾತಿನಲ್ಲಿ ದೆವ್ವಕ್ಕೆ "ದಯ್ಯ" ಅಂತೀವಿ. ನಮ್ಮಜ್ಜಿ ಪಿತೃಪಕ್ಷದಲ್ಲಿ ಎಡೆ ಇಡುವಾಗ ಸತ್ತವರ ಹೆಸರು ಒಂದೊಂದೇ ಹೇಳೋಳು. ಒಂದು ಹೆಸರು ಬಿಟ್ಟುಹೋದರೆ ಮತ್ತೆ ಮೊದಲಿಂದ ಶುರು. ನಾನು ನಗುತ್ತಿದ್ದೆ, ಅವಳು ಅನ್ನೋಳು, "ಹೆಸ್ರು ಹೇಳಿದ್ರೆ ಹಿರೀಕ, ಹೇಳ್ದಿದ್ರೆ ದಯ್ಯ ಕಣೋ." ಊರ ಹೊರಗಿನ ವೀರಗಲ್ಲು ಇರೋದೂ ಅದಕ್ಕೇ ಅಲ್ವಾ? ದನ ಕಾಯೋಕೆ ಹೋಗಿ ಸತ್ತವನು, ಊರು ಉಳಿಸೋಕೆ ಹೋಗಿ ಸತ್ತವನು, ಅವನನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರು. ನಂದಿಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನಕ್ಕೆ ಸಂಬಂಧಿಸಿದ ಶಾಸನ ಕ್ರಿ.ಶ. 806ರ ಸುಮಾರಿನದು. 1,200 ವರ್ಷ ಹಿಂದಿನ ರಾಜರ ಹೆಸರು ನಮಗೆ ಸಿಗುತ್ತೆ, 235 ವರ್ಷದ ಹಿಂದೆ ಅದೇ ಬೆಟ್ಟದ ಮೇಲೆ ಸತ್ತ ಸೈನಿಕನದು ಸಿಗಲ್ಲ. ಕೆತ್ತಿದ್ದು ಉಳೀತು, ಕೆತ್ತದ್ದು ದೆವ್ವ ಆಯ್ತು.

ಚಿಂತಾಮಣಿ ತಾಲ್ಲೂಕಿನಲ್ಲಿ ನೋಡಿ. ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದು ಹಾಕಿದ್ದು ಇಲ್ಲೇ ಅಂತ ಜನ ನಂಬ್ತಾರೆ. ಊರನ್ನೇ ತಿಂದ ರಾಕ್ಷಸ! ಆದರೂ ಕೈವಾರದ ಜನ ಹೆದರಿ ಕೂತಿಲ್ಲ. ಅವನ ಹೆಸರು ಗೊತ್ತು, ಕೊಂದವನ ಹೆಸರು ಗೊತ್ತು, ಕಥೆಗೆ ಆದಿ ಅಂತ್ಯ ಇದೆ. ಅದೇ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿ ಧರ್ಮದವರೂ ಬರ್ತಾರೆ, ಗಾಳಿ ಸೋಕಿದೆ ಅಂತ ನಂಬಿದವರೂ ಬರ್ತಾರೆ. ಅವರ ನಂಬಿಕೆಯನ್ನು ನಾನು ಅಪಹಾಸ್ಯ ಮಾಡಲ್ಲ, ಮನಸ್ಸಿನ ನೋವು ಸುಳ್ಳಲ್ಲ. ಜೊತೆಗೆ ವೈದ್ಯರಿಗೂ ತೋರಿಸಿ ಅನ್ನೋದಷ್ಟೇ ನನ್ನ ಮಾತು. ದೆವ್ವ ಬಿಡಿಸ್ತೀನಿ ಅಂತ ಹೊಡೆದು ಬಡಿದು ಹಿಂಸೆ ಕೊಡೋದು ಅಪರಾಧ. ನಮ್ಮ ರಾಜ್ಯದಲ್ಲಿ ಅದಕ್ಕೆ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಇನ್ನು ಶಿಡ್ಲಘಟ್ಟ ಕಡೆಯ ರೇಷ್ಮೆ ರೈತರನ್ನ ಕೇಳಿ. ಹುಳು ಕೊನೆಯ ಜ್ವರ ದಾಟಿದ ಮೇಲೆ ರಾತ್ರಿ ಹೊತ್ತೂ ಸೊಪ್ಪು ಹಾಕಬೇಕು. ಟಾರ್ಚ್ ಹಿಡಿದು ಕತ್ತಲಲ್ಲಿ ಹುಳುಮನೆಗೆ ಓಡಾಡೋ ಆ ಹೆಣ್ಣುಮಕ್ಕಳಿಗೆ ಭಯ ಇರೋದು ಗೂಡಿನ ರೇಟ್ ಬಿದ್ದೀತು ಅಂತ, ಬಿಳಿ ಸೀರೆಯವಳು ಬಂದಾಳು ಅಂತಲ್ಲ.

"ಕಥೆ ತಾನೇ, ಹೇಳಿಕೊಂಡರೆ ನಷ್ಟ ಏನು?" ಅಂತ ನೀವು ಕೇಳಬಹುದು. ನಷ್ಟ ಇದೆ. ಮೊದಲನೆಯದು, ದೆವ್ವದ ಕಥೆ ಇರೋ ಕೋಟೆ ಹಾಳುಗುಡಿಗಳ ಕಡೆ ರಾತ್ರಿ ಊರಿನವರು ಹೋಗಲ್ಲ, ನಿಧಿಗಳ್ಳರು ಹೋಗ್ತಾರೆ. ಹಾರೆ ಗುದ್ದಲಿ ಸದ್ದು ಕೇಳಿದರೂ "ದಯ್ಯ" ಅಂತ ಬಾಗಿಲು ಹಾಕ್ಕೊಳ್ತಾರೆ. ನಮ್ಮ ಕಡೆ ಎಷ್ಟು ಹಳೇ ಗುಡಿಗಳ ನೆಲ ಅಗೆದು ಹೋಗಿದೆ ಅನ್ನೋದು ಪೊಲೀಸ್ ಸ್ಟೇಷನ್ನಿಗೆ ಗೊತ್ತು.

ಎರಡನೆಯದು, ಬದುಕಿರೋರ ಜೀವ. ಬೆಳಗಿನ ಜಾವ ನಂದಿಗೆ ನುಗ್ಗೋ ಬೈಕುಗಳು ಬೀಳೋದು ವೇಗಕ್ಕೆ, ಮಂಜಿಗೆ, ನಿದ್ದೆಗಣ್ಣಿಗೆ. ತಲೆಯಿಲ್ಲದ ಸವಾರನ ಮೇಲೆ ಹಾಕಿದರೆ ಹೆಲ್ಮೆಟ್ ಇಲ್ಲದ ಸವಾರ ಪಾರಾಗ್ತಾನೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಭೂಕುಸಿತ ಆಗಿ ಬೆಟ್ಟದ ರಸ್ತೆಯೇ ಕೊಚ್ಚಿಹೋಯ್ತು, ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿ ಕಡೆ ಚಾರಣಕ್ಕೆ ಹೋದ 19 ವರ್ಷದ ವಿದ್ಯಾರ್ಥಿ ಜಾರಿ ಸುಮಾರು 300 ಅಡಿ ಕೆಳಗೆ ಬಂಡೆಯ ಮೇಲೆ ಸಿಕ್ಕಿಕೊಂಡ. ಫೋನ್ ಕೆಲಸ ಮಾಡ್ತಿತ್ತು, ಸುದ್ದಿ ಮುಟ್ಟಿಸಿದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯ್ತು. ಅವನ ಕೂಗನ್ನ ಯಾರಾದರೂ "ಟಿಪ್ಪು ಡ್ರಾಪ್ ಚೀರಾಟ" ಅಂದುಕೊಂಡಿದ್ದರೆ?

ಮೂರನೆಯದೇ ನನ್ನನ್ನು ಹೆಚ್ಚು ಕಾಡೋದು. ದೆವ್ವದ ಕಥೆ ನಮ್ಮಿಂದ ಸಿಟ್ಟನ್ನೂ ಋಣವನ್ನೂ ಕಿತ್ತುಕೊಳ್ಳುತ್ತೆ. ಹೆಸರಿಲ್ಲದ ಸಾವಿಗೆ ಯಾರೂ ಜವಾಬ್ದಾರರಲ್ಲ. ನಾವು ಹೆದರ್ತೀವಿ, ಮಜಾ ತಗೊಳ್ತೀವಿ, ಟೀ ಕುಡಿದು ಕೆಳಗಿಳೀತೀವಿ. ಅದೇ ಜಾಗದಲ್ಲಿ ಒಂದು ಕಲ್ಲು ನಿಂತು, "1791ರಲ್ಲಿ ಇಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಈ ನಾಡಿನ ಬಡವರು" ಅಂತ ಹೇಳಿದ್ದರೆ, ಸೆಲ್ಫಿ ತೆಗೆಯೋ ಕೈ ಒಂದು ಕ್ಷಣ ಕೆಳಗಿಳೀತಿತ್ತು.

ನಂದಿಬೆಟ್ಟಕ್ಕೆ ರೋಪ್‌ವೇ ಹಾಕೋಕೆ 2023ರಲ್ಲಿ ಶಂಕುಸ್ಥಾಪನೆ ಆಗಿದೆ. ಅದು ಆದರೆ ಇನ್ನೂ ಲಕ್ಷಾಂತರ ಜನ ಬರ್ತಾರೆ. ಕೋಟಿಗಟ್ಟಲೆ ಖರ್ಚಿನ ಮಧ್ಯೆ ಒಂದು ಕಲ್ಲಿಗೆ ಎಷ್ಟಾದೀತು? ಅಕ್ಟೋಬರ್ 19ರಂದು ಜಿಲ್ಲೆಯ ಶಾಲಾ ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋಗಿ, ಆ ಇಳಿಜಾರು ತೋರಿಸಿ, ಫಿರಂಗಿ ಎಳೆದವರ ಕಥೆ ಹೇಳೋಕೆ ಯಾವ ಬಜೆಟ್ ಬೇಕು? ಬಂಗಲೆಯ ಗೋಡೆಯ ಮೇಲೆ ಕಬ್ಬನ್‌ನ, ಗಾಂಧಿಯ, ಸಾರ್ಕ್ ನಾಯಕರ ಹೆಸರಿನ ಜೊತೆ, ಆ ಕಲ್ಲು ಹೊತ್ತವರು, ದಾರಿ ಕಡಿದವರು ಇದ್ದರು ಅನ್ನೋ ಒಂದು ಸಾಲು ಬರೆಯೋಕೆ ಯಾವ ಸಂಪುಟದ ಒಪ್ಪಿಗೆ ಬೇಕು?

ಸರ್ಕಾರ ಮಾಡೋವರೆಗೂ ನೀವು ಕಾಯಬೇಡಿ. ಮುಂದಿನ ಸಲ ನಂದಿಗೆ ಹೋದಾಗ ವಾಪಸ್ಸು ಬರುವಾಗ ಗೌರಿಬಿದನೂರು ದಾರಿ ಹಿಡಿದು ವಿದುರಾಶ್ವತ್ಥಕ್ಕೂ ಹೋಗಿ. ಸ್ತೂಪದ ಮುಂದೆ ನಿಂತು ಆ ಹೆಸರುಗಳನ್ನ ಜೋರಾಗಿ, ಒಂದೂ ಬಿಡದೆ ಓದಿ. ಜೊತೆಯಲ್ಲಿರೋ ಮಕ್ಕಳ ಕೈಯಲ್ಲಿ ಓದಿಸಿ. ಆ ರಾತ್ರಿ ಮಕ್ಕಳು ಮಲಗೋ ಹೊತ್ತಿಗೆ ಕಥೆ ಕೇಳಿದರೆ, ದೆವ್ವದ ಕಥೆ ಬಿಟ್ಟು ಈ ಕಥೆ ಹೇಳಿ. ಹೆದರ್ತಾರಾ ನೋಡಿ.